ಬುಗುರಿ ಕಟ್ಟಿಸಿದ ಗೋಡೆ

ಗೋಡೆ ಎದ್ದು ಹದಿನೇಳು ದಿನವಾದ ಮೇಲೆ, ಅದು ಇರಬಾರದ ಜಾಗದಲ್ಲಿದೆ ಎಂದು ಎಲ್ಲರೂ ಒಪ್ಪಿಕೊಂಡರು. ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಇಟ್ಟಿಗೆ ಇಟ್ಟ ಮೇಸ್ತ್ರಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ದೊಡ್ಡ ಮೀಟಿಂಗ್ ಹಾಲಿನ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಗೋಡೆ. ಅದರಲ್ಲಿ ಬಾಗಿಲಿಲ್ಲ. ಆಚೆಗೆ ಉಳಿಯುವ ಅರ್ಧ ಹಾಲಿಗೆ ಮೂರು ಕಿಟಕಿಗಳಿವೆ, ಒಳಗೆ ಹೋಗಲು ದಾರಿಯಿಲ್ಲ. "ಆಚೆ ಹೋಗೋದು ಹೇಗೆ ಸಾರ್?" ಎಂದು ಅವನು ಸೂಪರ್‌ವೈಸರನ್ನು ಕೇಳಿದ. ಸೂಪರ್‌ವೈಸರ್ ಡ್ರಾಯಿಂಗ್ ಬಿಡಿಸಿ, ಮೂಲೆಯಲ್ಲಿದ್ದ ಸಹಿಯನ್ನು ಬೆರಳಿನಿಂದ ತಟ್ಟಿ, "ದೊಡ್ಡವರ ವಿಚಾರ, ಏನೋ ಇರುತ್ತೆ. ನಿನಗ್ಯಾಕೆ? ಕಟ್ಟು" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಆಸಾಮಿ. ಮೇಸ್ತ್ರಿ ಕಟ್ಟಿದ. ಪ್ಲಾಸ್ಟರಿನವರು ಈ ಬದಿಗೆ ಮೆತ್ತಿ, ಆ ಬದಿಗೆ ಮೆತ್ತಲು ಕಿಟಕಿಗೆ ಏಣಿ ಹಾಕಿಕೊಂಡು ಹೋಗಿ ಬಂದರು. ಬಣ್ಣದವರೂ ಹಾಗೆಯೇ ಹತ್ತಿ ಇಳಿದರು. ಹೀಗೆ ಏಣಿ ಹತ್ತಿದ ಹನ್ನೊಂದು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಬದಲಿಗೆ ಕತೆಗಳು ಹುಟ್ಟಿಕೊಂಡವು. ಅದು ದೊಡ್ಡವರು ಧ್ಯಾನ ಮಾಡುವ ಕೋಣೆ ಎಂದರು ಕೆಲವರು. ಗುಟ್ಟಾಗಿ ಹೊಸ ಸಾಫ್ಟ್‌ವೇರ್ ಮಾಡುವ ಜಾಗ, ಅದಕ್ಕೇ ಬಾಗಿಲಿಲ್ಲ ಎಂದರು ಇನ್ನು ಕೆಲವರು. ದೊಡ್ಡವರು ಎಂದರೆ ಕಂಪನಿ ಕಟ್ಟಿದವರು, ಅದರ ಯಜಮಾನರು. ಅವರ ಕಂಪನಿ ಮಾರುತ್ತಿದ್ದದ್ದು ಒಂದೇ ಸರಕು: ಆಫೀಸಿನಲ್ಲಿ ಕುಳಿತ ಕಂಪ್ಯೂಟರಿನ ಪರದೆಯನ್ನು ಮನೆಯಲ್ಲಿ ಕುಳಿತವರಿಗೆ ತೋರಿಸುವ ಸಾಫ್ಟ್‌ವೇರ್. ಯಂತ್ರ ಅಲ್ಲಿ, ಮನುಷ್ಯ ಇಲ್ಲಿ, ನಡುವೆ ಇವರು. ಈ ವ್ಯಾಪಾರ ಚೆನ್ನಾಗಿ ನಡೆದು ಹೊಸ ಕಟ್ಟಡ ಏಳುತ್ತಿತ್ತು.

ಸೋಮವಾರ ದೊಡ್ಡವರು ಕಟ್ಟಡ ನೋಡಲು ಬಂದರು. ಜೊತೆಯಲ್ಲಿ ಅವರ ಮ್ಯಾನೇಜರ್. ಆತನಿಗೆ ಹೆತ್ತವರು ಇಟ್ಟ ಹೆಸರು ಕಂಪನಿಯಲ್ಲಿ ಯಾರಿಗೂ ನೆನಪಿರಲಿಲ್ಲ, ಎಲ್ಲರೂ ಹಿಂದಿನಿಂದ ಕರೆಯುತ್ತಿದ್ದದ್ದು ಹೂಂಗುಟ್ಟಪ್ಪ ಎಂದು. ದೊಡ್ಡವರು ಹಾಲಿನ ಬಾಗಿಲಲ್ಲಿ ನಿಂತು ಆ ಗೋಡೆಯನ್ನು ನೋಡುತ್ತ ಅರ್ಧ ನಿಮಿಷ ಮಾತಾಡಲಿಲ್ಲ. ಮೌನವನ್ನು ಮೆಚ್ಚುಗೆ ಎಂದು ತಿಳಿದ ಹೂಂಗುಟ್ಟಪ್ಪ ಶುರುಮಾಡಿದ.

"ಅದ್ಭುತ ಸರ್. ಬಾಗಿಲಿರೋ ರೂಮು ಎಲ್ಲಾ ಕಂಪನೀಲೂ ಇರುತ್ತೆ. ಈ ಥರ ಯೋಚನೆ ಮಾಡೋಕೆ ನೀವೇ ಬೇಕು."

"ನನ್ನ ಹಾಲ್ ಎಲ್ರೀ?" ಎಂದು ದೊಡ್ಡವರು ಕಿರುಚಿದ್ದು ಕೆಳಗೆ ಸಿಮೆಂಟು ಕಲಸುವವರಿಗೂ ಕೇಳಿಸಿತು.

ಹುಡುಕಾಟ ನಡೆಯಿತು. ಮೇಸ್ತ್ರಿ ಸೂಪರ್‌ವೈಸರನ ಕಡೆ ಕೈ ತೋರಿಸಿದ, ಸೂಪರ್‌ವೈಸರ್ ಡ್ರಾಯಿಂಗಿನ ಕಡೆ, ಡ್ರಾಯಿಂಗ್ ಸಹಿಯ ಕಡೆ. ಕಟ್ಟಡದ ಪ್ಲಾನ್ ಹಾಕುವ ಡ್ರಾಯಿಂಗ್ ಆಫೀಸು ಊರಿನ ಆ ಮಗ್ಗುಲಲ್ಲಿತ್ತು. ಪ್ಲಾನ್ ನೋಡಿಕೊಂಡು, ಮೇಸ್ತ್ರಿಗಳಿಗೆಂದು ಗೋಡೆಗಳನ್ನಷ್ಟೇ ತೋರಿಸುವ ಬೇರೆ ಹಾಳೆ ಎಳೆದು ಸಹಿ ಹಾಕುವ ಕೆಲಸ ಅಲ್ಲಿ ಒಬ್ಬ ಹೆಂಗಸಿನದು. ಇಪ್ಪತ್ತೆರಡು ವರ್ಷ ಆಕೆಯ ಹಾಳೆಯಲ್ಲಿ ಒಂದು ಗೆರೆ ಆಚೀಚೆ ಆಗಿರಲಿಲ್ಲ. ಸೊಂಟದ ಮೂಳೆ ಮುರಿದ ಮೇಲೆ, ಎರಡು ವರ್ಷದಿಂದ, ಆಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಯಾವ ಸಾಫ್ಟ್‌ವೇರಿನಲ್ಲಿ ಎಂದು ಬೇರೆ ಹೇಳಬೇಕಿಲ್ಲ.

ತೀರ್ಮಾನ ಮಂಗಳವಾರವೇ ಬಂತು. "ತಪ್ಪು ನನ್ನದು, ನನ್ನ ಕಣ್ಣು ಮೊದಲಿನಂತಿಲ್ಲ, ಕೆಲಸ ಬಿಡುತ್ತೇನೆ" ಎಂದು ಆಕೆ ಶುಕ್ರವಾರ ಮಧ್ಯಾಹ್ನದೊಳಗೆ ಬರೆದುಕೊಡಬೇಕು. ದೊಡ್ಡವರು ಆ ಕಾಗದವನ್ನು ತಮ್ಮ ಕೈಯಲ್ಲೇ ತೆಗೆದುಕೊಳ್ಳುತ್ತಾರಂತೆ, ಆ ಗೋಡೆಯ ಮುಂದೆಯೇ.

ಆಕೆಯ ತಂಗಿ ದೊಡ್ಡವರ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಪರದೆಯ ಚುಕ್ಕಿ ಎಣಿಸುವುದೇ ಕೆಲಸವಾದ್ದರಿಂದ ಅವಳಿಗೆ ಅಲ್ಲಿ ಚುಕ್ಕಿ ಎಂದೇ ಹೆಸರು ಬಿದ್ದಿತ್ತು. ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವಳು ಅಕ್ಕ. ಈಗಲೂ ಇಬ್ಬರೂ ಇದ್ದದ್ದು ಮೂರು ಕೋಣೆಯ ಒಂದೇ ಮನೆಯಲ್ಲಿ.

ಚುಕ್ಕಿಯ ಕೆಲಸ ಏನೆಂದು ಒಂದೆರಡು ಮಾತಿನಲ್ಲಿ ಹೇಳಿಬಿಡಬೇಕು. ಆಫೀಸಿನ ಪರದೆಯನ್ನು ಮನೆಗೆ ತೋರಿಸಬೇಕಾದರೆ ಅದರ ಚಿತ್ರವನ್ನು ಸೆಕೆಂಡಿಗೆ ಮೂವತ್ತು ಸಲ ಕಳಿಸಬೇಕು. ಹಾಗೇ ಕಳಿಸಿದರೆ ಯಾವ ಇಂಟರ್ನೆಟ್ಟೂ ತಾಳುವುದಿಲ್ಲ. ಅದಕ್ಕೆ ನಡುವೆ ಎನ್‌ಕೋಡರ್ ಎಂಬುದೊಂದು ಕೂತಿರುತ್ತದೆ. ಅದು ಪಕ್ಕದ ಮನೆಯ ಸುದ್ದಿಗಾರ್ತಿಯ ಹಾಗೆ, ನಿನ್ನೆ ಹೇಳಿದ್ದನ್ನು ಇವತ್ತು ಹೇಳುವುದಿಲ್ಲ, ಹೊಸದಾಗಿ ಆದದ್ದನ್ನಷ್ಟೇ ಹೇಳುತ್ತದೆ. ಪರದೆ ನಿಂತಿದ್ದರೆ ಪುರುಸೊತ್ತಾಗಿ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಚೂಪಾಗಿ ಕಳಿಸುತ್ತದೆ. ಪರದೆಯಲ್ಲಿ ಸಿನಿಮಾ ಓಡುತ್ತಿದ್ದರೆ ತಿದ್ದುತ್ತ ಕೂರಲು ಸಮಯವಿಲ್ಲ, ಎಲ್ಲವನ್ನೂ ಮೇಲಿಂದ ಮೇಲೆ ಸವರಿ ಕಳಿಸುತ್ತದೆ. ಓಡುವುದನ್ನು ನೋಡುವ ಕಣ್ಣಿಗೆ ಅದು ತಿಳಿಯುವುದಿಲ್ಲ. ಈಗ ಪರದೆ ನಿಂತಿದೆಯೋ ಓಡುತ್ತಿದೆಯೋ ಎಂದು ತೀರ್ಪು ಕೊಡುವ ಭಾಗವನ್ನು ಬರೆದವಳು ಚುಕ್ಕಿ. ಇಡೀ ಪರದೆಗೆ ಒಂದೇ ತೀರ್ಪು. ಅದನ್ನು ಬರೆದಾಗ ಅವಳಿಗೆ ಬಹುಮಾನವಾಗಿ ಒಂದು ಗಾಜಿನ ಫಲಕವನ್ನೂ ಕೊಟ್ಟಿದ್ದರು.

ಅಕ್ಕ ಎರಡು ವರ್ಷದಿಂದ ಅವಳಿಗೆ ಹೇಳುತ್ತಲೇ ಇದ್ದಳು. "ಅಕ್ಷರ ಎಲ್ಲ ನೀರಲ್ಲಿ ನೆನೆದ ಕಾಗದದ ಥರ ಕಾಣುತ್ತೆ ಕಣೇ. ನಿಮ್ಮ ಸಾಫ್ಟ್‌ವೇರಲ್ಲಿ ಏನೋ ಸರಿಯಿಲ್ಲ."

"ನಮ್ಮದು ಸರಿಯಾಗೇ ಇದೆ. ನಾನೂರು ಪರೀಕ್ಷೆ ಮಾಡ್ತೀವಿ ದಿನಾ, ಎಲ್ಲಾ ಪಾಸು. ನಿನ್ನ ಕಣ್ಣು ತೋರಿಸ್ಕೋ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಒಮ್ಮೆ ಸೇರಿಸಿದ್ದಳು. ಸೊಂಟ ಮುರಿದವಳಿಗೆ ಆಡುವ ಮಾತೇ ಅದು? ಅಕ್ಕ ಕೋಲೂರಿಕೊಂಡು ಹೋಗಿ ಕಣ್ಣು ತೋರಿಸಿಕೊಂಡು ಬಂದಳು. ಕನ್ನಡಕದಂಗಡಿಯಾತ ಪರೀಕ್ಷೆ ಮಾಡಿ, ನಿಮ್ಮ ಕಣ್ಣಲ್ಲಿ ಅಂಥದ್ದೇನೂ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಧರ್ಮಕ್ಕೆ ಕಟ್ಟುಬಿದ್ದು ದಪ್ಪ ಗಾಜಿನ ಹೊಸದೊಂದನ್ನು ಮಾಡಿಕೊಟ್ಟ. ಅದನ್ನು ಹಾಕಿಕೊಂಡರೆ ಪರದೆ ದೊಡ್ಡದಾಗಿ ಮಸುಕಾಗಿ ಕಾಣುತ್ತಿತ್ತು, ಮೊದಲು ಚಿಕ್ಕದಾಗಿ ಮಸುಕಾಗಿತ್ತು. ಅದರ ಮೇಲೆ ದಿನಕ್ಕೆ ಮೂರು ಸಲ ಕಣ್ಣಿಗೆ ಔಷಧಿ ಹನಿ. ಹಾಕುತ್ತಿದ್ದವಳು ಚುಕ್ಕಿಯೇ, ಅದನ್ನು ಮಾತ್ರ ಪ್ರೀತಿಯಿಂದ ಮಾಡುತ್ತಿದ್ದಳು.

ಅಕ್ಕ ಒಬ್ಬಳೇ ಅಲ್ಲ, ಇಂಥ ದೂರು ವಾರಕ್ಕೆ ಹತ್ತು ಬರುತ್ತಿದ್ದವು. ಅವಕ್ಕೆಲ್ಲ ಒಂದು ಉತ್ತರ ಸಿದ್ಧವಿತ್ತು: ನಿಮ್ಮ ಇಂಟರ್ನೆಟ್ ಪರೀಕ್ಷಿಸಿ, ಪರದೆಯಿಂದ ಒಂದು ಮೊಳ ದೂರ ಕೂರಿ, ಆಗಾಗ ಕಣ್ಣು ಮಿಟುಕಿಸಿ. ಆ ಮೂರನೆಯ ಸಲಹೆ ಚುಕ್ಕಿಯದೇ ಸ್ವಂತ ರಚನೆ.

ಮಂಗಳವಾರ ಸಂಜೆ ಅವಳು ಮನೆಗೆ ಬಂದಾಗ ಅಕ್ಕ ಅಡಿಗೆಮನೆಯ ಮೇಜಿನ ಮುಂದೆ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದಳು. ಹಾಳೆಯ ಮೇಲೆ "ತಪ್ಪು ನನ್ನದು" ಎಂದಿಷ್ಟೇ ಇತ್ತು.

"ಬೀಮನ್ನ ಗೋಡೆ ಅಂತ ಎಳೆದುಬಿಟ್ಟಿದ್ದೀನಂತೆ," ಎಂದಳು ಅಕ್ಕ. "ತಲೆ ಮೇಲೆ ಹಾದುಹೋಗೋ ಬೀಮಾದ್ರೆ ತುಂಡು ತುಂಡು ಗೆರೆ ಹಾಕ್ತಾರೆ. ಗೋಡೆಯಾದ್ರೆ ಇಡೀ ಗೆರೆ. ಮೊದಲ ವಾರ ಕೆಲಸಕ್ಕೆ ಸೇರಿದವರಿಗೂ ಗೊತ್ತು. ನಾನು ನೋಡಿದ್ದು ಇಡೀ ಗೆರೆ ಕಣೇ. ಅನುಮಾನ ಬಂದು ಆಫೀಸಿಗೆ ಫೋನೂ ಮಾಡಿದೆ, ಹಾಲಿನ ಮಧ್ಯೆ ಆ ಗೆರೆ ಇರೋದು ನಿಜಾನಾ ಅಂತ. ಅಲ್ಲಿದ್ದವರು ನೋಡಿ, ಇದೆಯಲ್ಲಾ ಅಂದ್ರು. ಅವರಿಗೆ ತುಂಡಾಗಿ ಕಂಡಿದ್ದು ನನಗೆ ಇಡಿಯಾಗಿ ಕಂಡಿದೆ. ಕಣ್ಣು ಹೋಗಿದೆ ನನ್ನದು. ನೀನು ಹೇಳ್ತಾನೇ ಇದ್ದೆ."

ಆ ಕೊನೆಯ ಮಾತು ಚುಕ್ಕಿಗೆ ಎಲ್ಲೋ ಚುಚ್ಚಿತು. ಇಪ್ಪತ್ತೆರಡು ವರ್ಷ ಗೆರೆ ನೋಡಿದ ಕಣ್ಣು ಗೋಡೆಗೂ ಬೀಮಿಗೂ ವ್ಯತ್ಯಾಸ ಮರೆಯುವುದೆಂದರೇನು? "ಆ ಪ್ಲಾನ್ ತೋರಿಸು ನೋಡೋಣ," ಎಂದಳು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ. ಸಾಫ್ಟ್‌ವೇರ್ ಮಾಡುವವಳು ಪಕ್ಕದ ಕೋಣೆಯಲ್ಲಿ, ಅದನ್ನು ಬಳಸುವವಳು ಈ ಕೋಣೆಯಲ್ಲಿ, ಎರಡು ವರ್ಷದಲ್ಲಿ ಚುಕ್ಕಿ ಅಕ್ಕನ ಪರದೆಯ ಮುಂದೆ ಒಂದು ಸಲವೂ ಕೂತಿರಲಿಲ್ಲ. ಈಗ ಕೂತಳು. ಅಕ್ಕ ಕೋಲನ್ನು ಗೋಡೆಗೆ ಆನಿಸಿ ಪಕ್ಕದಲ್ಲಿ ನಿಂತಳು. ಆಫೀಸಿನ ಕಂಪ್ಯೂಟರ್ ತೆರೆದುಕೊಂಡಿತು, ಪ್ಲಾನ್ ಬಂತು. ಹಾಲಿನ ನಡುವೆ ಜೋಡಿ ಗೆರೆ, ಈ ತುದಿಯಿಂದ ಆ ತುದಿಗೆ, ಎಲ್ಲೂ ಮುರಿಯದೆ. ಚುಕ್ಕಿ ಕಣ್ಣುಜ್ಜಿಕೊಂಡು ನೋಡಿದಳು, ಒಂದು ಮೊಳ ದೂರ ಕೂತು ನೋಡಿದಳು, ಮಿಟುಕಿಸಿಯೂ ನೋಡಿದಳು. ಗೋಡೆಯೇ.

"ಪರದೆ ನಿಂತಿದೆ. ಏನೂ ಅಲ್ಲಾಡ್ತಿಲ್ಲ. ಚೂಪಾಗಬೇಕಿತ್ತಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದಳು.

"ಏನೂ ಅಲ್ಲಾಡ್ತಿಲ್ವಾ?" ಎಂದಳು ಅಕ್ಕ. "ಅದೇನು ಮತ್ತೆ, ಆ ಮೂಲೇಲಿ?"

ಕೆಳಗಿನ ಬಲಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿ, ಬಂಗಾರದ ಬಣ್ಣದ ಬುಗುರಿಯೊಂದು ಗಿರಗಿರ ತಿರುಗುತ್ತಿತ್ತು.

ಈ ಬುಗುರಿಯ ಚರಿತ್ರೆಯನ್ನೂ ಹೇಳಬೇಕು. ಕಂಪನಿ ಶುರುವಾದ ದಿನ ದೊಡ್ಡವರು ಕಾಗದದ ಕರವಸ್ತ್ರದ ಮೇಲೆ ತಮ್ಮ ಕೈಯಾರೆ ಬರೆದ ಚಿತ್ರ ಅದು. ಆ ಕರವಸ್ತ್ರಕ್ಕೆ ಈಗ ಕಟ್ಟು ಹಾಕಿಸಿ ಅವರ ಕೋಣೆಯಲ್ಲಿ ತೂಗುಹಾಕಿದ್ದಾರೆ. "ಬುಗುರಿ ತಿರುಗ್ತಿದ್ರೆ ಕಂಪನಿ ನಿಂತಿರುತ್ತೆ" ಎಂಬುದು ಅವರ ನುಡಿಮುತ್ತು. ಗಿರಾಕಿಯ ಪರದೆಯ ಮೇಲೆ ಅದು ಸದಾ ತಿರುಗುತ್ತಿರಬೇಕು ಎಂಬುದು ಅಪ್ಪಣೆ. ಹಿಂದೊಮ್ಮೆ ಒಬ್ಬ ಎಂಜಿನಿಯರ್, "ಸುಮ್ಮನೆ ನಿಂತಿದ್ರೆ ಸಾಲದಾ ಸರ್, ತಿರುಗಲೇಬೇಕಾ?" ಎಂದು ಕೇಳಿದ್ದ. ಕೇಳಿದ್ದಷ್ಟೇ. ಆತ ಈಗ ಹಳೆಯ ಕೀಬೋರ್ಡುಗಳ ಸ್ಟೋರ್ ನೋಡಿಕೊಳ್ಳುತ್ತಿದ್ದಾನೆ. ಆಮೇಲೆ ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಹೋಗಲಿಲ್ಲ.

ಆದರೆ ಬುಗುರಿಯಿಂದ ಪರೀಕ್ಷೆ ಮಾಡುವವರಿಗೆ ತೊಂದರೆಯಾಗುತ್ತಿತ್ತು. ಕಳಿಸಿದ ಚಿತ್ರವನ್ನೂ ತಲುಪಿದ ಚಿತ್ರವನ್ನೂ ಹೋಲಿಸಿ ನೋಡಬೇಕು, ಬುಗುರಿ ಪ್ರತಿ ಸಲ ಬೇರೆ ಕಡೆ ಮುಖ ಮಾಡಿರುತ್ತದೆ, ಹೋಲಿಕೆ ಕೂಡುವುದಿಲ್ಲ. ಅದಕ್ಕೆ ಯಾರೋ ಪುಣ್ಯಾತ್ಮರು ಕೀಬೋರ್ಡಿನ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬುಗುರಿ ಮಾಯವಾಗುವಂತೆ ಮಾಡಿಟ್ಟಿದ್ದರು. ಅದನ್ನು ಎಲ್ಲೂ ಬರೆದಿಡಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಿವಿಯಲ್ಲಿ ಹೇಳುತ್ತಿದ್ದರು, ದೊಡ್ಡವರು ಬಂದರೆ ಮತ್ತೆ ಒತ್ತಬೇಕು ಎಂಬ ಎಚ್ಚರಿಕೆಯ ಸಮೇತ. ಹೀಗೆ ಇಡೀ ಕಂಪನಿ ವರ್ಷಗಟ್ಟಲೆ ಬುಗುರಿಯಿಲ್ಲದ ಸಾಫ್ಟ್‌ವೇರನ್ನು ಪರೀಕ್ಷಿಸಿ, ಬುಗುರಿಯಿರುವುದನ್ನು ಮಾರುತ್ತ ಬಂದಿತ್ತು. ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ನಾನೂರಕ್ಕೆ ನಾನೂರೂ ಪಾಸು.

ಚುಕ್ಕಿ ಆ ಮೂರು ಕೀಲಿ ಒತ್ತಿದಳು. ಬುಗುರಿ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಒಮ್ಮೆ ನಡುಗಿ ಚೂಪಾಯಿತು. ಹಾಲಿನ ನಡುವಿನ ಗೆರೆ ತುಂಡು ತುಂಡಾಗಿ ಮುರಿದು, ಒಂದೊಂದು ತುಂಡೂ ಎಣಿಸುವ ಹಾಗೆ ನಿಂತಿತು.

ಮತ್ತೆ ಒತ್ತಿದಳು. ಬುಗುರಿ ಬಂತು, ತುಂಡುಗಳು ಕರಗಿ ಒಂದನ್ನೊಂದು ಕೂಡಿಕೊಂಡವು, ಗೋಡೆ ಎದ್ದಿತು. ಮೂಲೆಯ ಉಗುರಿನಷ್ಟು ಬುಗುರಿ ತಿರುಗುವುದನ್ನು ಕಂಡು ಅವಳ ತೀರ್ಪುಗಾರ, ಪರದೆಯಲ್ಲಿ ಸಿನಿಮಾ ಓಡುತ್ತಿದೆ ಎಂದು ತೀರ್ಮಾನಿಸಿ, ದಿನವಿಡೀ ಎಲ್ಲವನ್ನೂ ಸವರಿ ಕಳಿಸುತ್ತಿತ್ತು. ಇಡೀ ಪರದೆಗೆ ಒಂದೇ ತೀರ್ಪು ಎಂದು ಬರೆದವಳು ಅವಳೇ. ಗಾಜಿನ ಫಲಕ ಪಕ್ಕದ ಕೋಣೆಯಲ್ಲೇ ಇತ್ತು.

ಅಕ್ಕ ಪರದೆಯಿಂದ ಕಣ್ಣು ತೆಗೆದು ತಂಗಿಗೆ ಹೇಳಿದಳು: "ಎರಡು ವರ್ಷ ನನ್ನ ಕಣ್ಣಿಗೆ ಔಷಧಿ ಬಿಟ್ಟೆಯಲ್ಲೇ."

ಚುಕ್ಕಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಬೇರೆಯವರು ಮಾಡುವ ಕೆಲಸ ಎಂದುಕೊಂಡಿದ್ದಳು. ಬರೆ ಎಳೆದದ್ದು ತನ್ನ ಕೈ, ಎಳೆಸಿಕೊಂಡದ್ದು ತನ್ನನ್ನು ಸಾಕಿದವಳು.

ಬುಧವಾರ ಅವಳು ಹೂಂಗುಟ್ಟಪ್ಪನ ಹತ್ತಿರ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಆತ ಹೂಂ, ಹೂಂ ಎನ್ನುತ್ತ ಕೇಳಿದ. ಅವಳ ಮಾತು ಮುಗಿದ ಮೇಲೂ ಇನ್ನೆರಡು ಸಲ ಹೂಂ ಎಂದ.

"ಅಲ್ಲಮ್ಮಾ, ಬುಗುರಿ ತಪ್ಪು ಅಂತ ದೊಡ್ಡವರ ಮುಂದೆ ಹೇಳೋಕಾಗುತ್ತಾ?"

"ನಾನು ಹೇಳ್ತೀನಿ ಸರ್."

"ನೀನು ಹೇಳಿದ್ರೆ ನಿನ್ನ ಜೊತೆ ನಾನೂ ಕೀಬೋರ್ಡ್ ಸ್ಟೋರಿಗೆ. ಒಂದು ಕೆಲಸ ಮಾಡು. ಹಳೇ ಕನ್ನಡಕ ಹಾಕ್ಕೊಂಡಿದ್ದೆ, ಅದಕ್ಕೇ ಹೀಗಾಯ್ತು ಅಂತ ಬರೆದುಕೊಡೋಕೆ ನಿಮ್ಮಕ್ಕಂಗೆ ಹೇಳು. ಎಲ್ಲರಿಗೂ ಕ್ಷೇಮ."

ಎಲ್ಲರಿಗೂ ಎಂಬಲ್ಲಿ ಅಕ್ಕ ಸೇರಿರಲಿಲ್ಲ. ಚುಕ್ಕಿಗೆ ಮೈಯೆಲ್ಲ ಉರಿದುಹೋಯಿತು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು? ಆದರೆ ಅವಳು ಜಗಳವಾಡಲಿಲ್ಲ. "ಶುಕ್ರವಾರ ಪ್ರೊಜೆಕ್ಟರ್ ನೋಡಿಕೊಳ್ಳೋಕೆ ಯಾರಾದ್ರೂ ಬೇಕಲ್ವಾ ಸರ್? ನಾನು ಬರ್ತೀನಿ," ಎಂದಷ್ಟೇ ಹೇಳಿದಳು. ಹೂಂಗುಟ್ಟಪ್ಪ ಅಭ್ಯಾಸಬಲದಿಂದ ಹೂಂ ಎಂದುಬಿಟ್ಟ.

ಶುಕ್ರವಾರ ಹನ್ನೊಂದು ಗಂಟೆಗೆ ಅರ್ಧ ಹಾಲಿನಲ್ಲಿ ಎಲ್ಲರೂ ಸೇರಿದರು. ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ದೊಡ್ಡವರು ನಡುಕುರ್ಚಿಯಲ್ಲಿ, ಬಲಕ್ಕೆ ಹೂಂಗುಟ್ಟಪ್ಪ, ಎಡಕ್ಕೆ ಡ್ರಾಯಿಂಗ್ ಆಫೀಸಿನ ಮುಖ್ಯಸ್ಥ. ಆತ ಒಳ್ಳೆಯ ಮನುಷ್ಯನೇ, ಆದರೆ ದೊಡ್ಡ ಗಿರಾಕಿಯ ಮುಂದೆ ಬೆನ್ನೆಲುಬನ್ನು ಮನೆಯಲ್ಲಿಟ್ಟು ಬಂದಿದ್ದ. ಅಕ್ಕ ಕೋಲನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಎದುರಿಗೆ ಕೂತಿದ್ದಳು. ಚುಕ್ಕಿ ಲ್ಯಾಪ್‌ಟಾಪನ್ನು ತನ್ನ ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿದಳು, ಮನೆಯಲ್ಲಿ ಕೂತ ಗಿರಾಕಿಗೆ ಸಿಗುವಷ್ಟೇ ವೇಗ ಇರಲಿ ಎಂದು. ಕಂಪನಿಯ ಸಾಫ್ಟ್‌ವೇರಿನಲ್ಲೇ ಡ್ರಾಯಿಂಗ್ ಆಫೀಸಿನ ಕಂಪ್ಯೂಟರನ್ನು ತೆರೆದಳು. ಪ್ರೊಜೆಕ್ಟರಿನ ಬೆಳಕು ಬಿದ್ದದ್ದು ಆ ತಪ್ಪು ಗೋಡೆಯ ಮೇಲೆಯೇ. ಇಡೀ ಕಟ್ಟಡದಲ್ಲಿ ಅಷ್ಟು ಒಳ್ಳೆಯ ಬಿಳಿ ಗೋಡೆ ಬೇರೆ ಇರಲಿಲ್ಲ.

"ಪ್ಲಾನ್ ಹಾಕಿ," ಎಂದರು ದೊಡ್ಡವರು. "ಎಷ್ಟು ಸ್ಪಷ್ಟವಾಗಿ ಹಾಕಿದ್ದನ್ನ ಈಯಮ್ಮ ಹೇಗೆ ತಪ್ಪು ನೋಡಿದ್ರು ಅಂತ ಎಲ್ಲರೂ ನೋಡ್ಲಿ."

ಪ್ಲಾನ್ ಬಂತು. ಮೂಲೆಯಲ್ಲಿ ಬುಗುರಿಯೂ ಬಂತು. ಅದನ್ನು ಕಂಡು ದೊಡ್ಡವರ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಪ್ಲಾನಿನ ಕಡೆ ತಿರುಗಿದರು, ಎದ್ದು ಹತ್ತಿರ ಹೋದರು, ಹಾಲಿನ ನಡುವೆ ಬೆರಳಿಟ್ಟರು.

"ಏನ್ರೀ ಇದು?" ಎಂದು ಡ್ರಾಯಿಂಗ್ ಆಫೀಸಿನ ಮುಖ್ಯಸ್ಥನ ಮೇಲೆ ಹರಿಹಾಯ್ದರು. "ನಿಮ್ಮ ಪ್ಲಾನಲ್ಲೇ ಗೋಡೆ ಇದೆಯಲ್ಲ!"

"ಇಲ್ಲ ಸರ್, ಅದು ಬೀಮು. ತುಂಡುಗೆರೆ ಸರ್ ಅದು."

"ಎಲ್ಲಿದೆ ತುಂಡು? ನನಗೆ ಕಣ್ಣಿಲ್ವಾ? ಈ ಕಡೆಯಿಂದ ಆ ಕಡೆಗೆ ಇಡೀ ಗೆರೆ. ಕುರುಡನಿಗೂ ಕಾಣುತ್ತೆ, ಗೋಡೆ ಅಂತ!"

ಮುಖ್ಯಸ್ಥ ಎದ್ದು ಬಂದು ನೋಡಿದ. ತನ್ನ ಆಫೀಸಿನಲ್ಲಿ ಕೂತು ಆ ಪ್ಲಾನನ್ನು ನೂರು ಸಲ ನೋಡಿದ್ದವನು ಹೀಗೆ ಹೊರಗಿನಿಂದ ಎಂದೂ ನೋಡಿರಲಿಲ್ಲ. "ಗೋಡೆ ಥರಾನೇ ಇದೆ," ಎಂದ.

"ಥರ ಏನ್ ಬಂತು? ಗೋಡೇನೇ. ಏನ್ರೀ?" ದೊಡ್ಡವರು ಬಲಕ್ಕೆ ತಿರುಗಿದರು.

"ಹೂಂ ಸರ್. ಗೋಡೇನೇ. ಕಲ್ಲಿನಂಥ ಗೋಡೆ."

"ಸರ್, ಖಂಡಿತ ಗೋಡೇನಾ?" ಎಂದು ಅಕ್ಕ ಕೂತಲ್ಲಿಂದಲೇ ಮೆಲ್ಲಗೆ ಕೇಳಿದಳು. "ನಾನು ಅವತ್ತು ನೋಡಿದ್ದೂ ಇದನ್ನೇ."

"ನೂರಕ್ಕೆ ನೂರು ಗೋಡೆ," ಎಂದರು ದೊಡ್ಡವರು.

ಚುಕ್ಕಿ ಮೂರು ಕೀಲಿ ಒತ್ತಿದಳು.

ದೊಡ್ಡವರ ಬೆರಳಿನ ಕೆಳಗೇ ಗೋಡೆ ತುಂಡು ತುಂಡಾಯಿತು. ಅವರು ಬೆಚ್ಚಿ ಕೈ ಹಿಂದೆಳೆದುಕೊಂಡರು. ಚುಕ್ಕಿ ಮತ್ತೆ ಒತ್ತಿದಳು, ಬುಗುರಿ ಬಂತು, ಗೋಡೆ ಎದ್ದಿತು. ಇನ್ನೊಮ್ಮೆ ಒತ್ತಿದಳು, ಬಿತ್ತು. ಹೀಗೆ ನಾಲ್ಕು ಸಲ ಏಳಿಸಿ ಬೀಳಿಸಿದ ಮೇಲೆ ಹೇಳಿದಳು: "ಬುಗುರಿ ತಿರುಗಿದ್ರೆ ಸಿನಿಮಾ ಓಡ್ತಿದೆ ಅಂದ್ಕೊಂಡು ನಮ್ಮ ಎನ್‌ಕೋಡರ್ ಗೆರೇನೆಲ್ಲ ಸವರಿಬಿಡುತ್ತೆ ಸರ್. ಹಾಗೆ ಬರೆದಿದ್ದು ನಾನು. ಪರೀಕ್ಷೆ ಮಾಡುವಾಗ ಬುಗುರೀನ ಬಚ್ಚಿಡ್ತೀವಿ, ಅದಕ್ಕೆ ನಮಗೆ ಗೊತ್ತಾಗ್ಲಿಲ್ಲ. ಇವರು ನನ್ನಕ್ಕ. ಇವರ ಕಣ್ಣಲ್ಲಿ ದೋಷ ಇಲ್ಲ."

ದೊಡ್ಡವರು ಬುಗುರಿಯನ್ನು ನೋಡಿದರು, ಗೋಡೆಯನ್ನು ನೋಡಿದರು. ಅವರ ಮುಂದೆ ಎರಡೇ ದಾರಿಗಳಿದ್ದವು. ಕೈಯಾರೆ ಬರೆದ ಬುಗುರಿ ಕೆಟ್ಟದ್ದು ಎನ್ನಬೇಕು, ಇಲ್ಲವೇ ನೂರಕ್ಕೆ ನೂರು ಎಂದ ತಮ್ಮ ಕಣ್ಣು ಕೆಟ್ಟದ್ದು ಎನ್ನಬೇಕು. ಸಾಮಾನ್ಯ ಮನುಷ್ಯರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ದೊಡ್ಡವರು ದೊಡ್ಡವರಾದದ್ದು ಸುಮ್ಮನೆ ಅಲ್ಲ.

"ನಾನೇನು ಹೇಳಿದೆ?" ಎಂದರು ನಿಧಾನವಾಗಿ ಕುರ್ಚಿಯಲ್ಲಿ ಕೂರುತ್ತ. "ಗೋಡೆ ಅಂದೆ. ಗೋಡೆ ಇರಬೇಕು ಅಂತಲೇ ನನ್ನ ಮನಸ್ಸಲ್ಲಿತ್ತು. ಮೊದಲಿಂದಲೂ ಇತ್ತು. ಸೋಮವಾರ ಕೂಗಾಡಿದ್ದು, ನಿಮ್ಮಲ್ಲಿ ಯಾರಾದ್ರೂ ಧೈರ್ಯವಾಗಿ, ಸರ್ ಇದು ಸರಿಯಾಗೇ ಇದೆ ಅಂತೀರಾ ಅಂತ ನೋಡೋಕೆ."

"ನಾನು ಅವತ್ತೇ ಹೇಳಿದ್ನಲ್ಲ ಸರ್, ಅದ್ಭುತ ಅಂತ!" ಎಂದ ಹೂಂಗುಟ್ಟಪ್ಪ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಮಾತಿನಲ್ಲಿ ಒಂದು ತೂಕವಿತ್ತು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಗೋಡೆ ಸರಿ ಎಂದ ಮೇಲೆ ಅದನ್ನು ಎಳೆದವಳೂ ಸರಿ ಎಂದಾಯಿತು. "ಹಾಗಾದ್ರೆ ಇವರು ಪತ್ರ..." ಎಂದು ಮುಖ್ಯಸ್ಥ ರಾಗ ಎಳೆದ. "ಯಾವ ಪತ್ರ?" ಎಂದರು ದೊಡ್ಡವರು. ಕೆಲಸ ಉಳಿಯಿತು. ಚುಕ್ಕಿ ಉಸಿರುಬಿಟ್ಟು ಲ್ಯಾಪ್‌ಟಾಪ್ ಮುಚ್ಚಲು ಹೋದಳು.

ಅಕ್ಕ ಮಾತ್ರ ಏಳಲಿಲ್ಲ. ಚೀಲದಿಂದ ಆ ಅರ್ಧ ಬರೆದ ಹಾಳೆ ತೆಗೆದಳು, ಕೋಲಿನ ಮೇಲೆ ಪುಸ್ತಕವಿಟ್ಟು, ಅದರ ಮೇಲೆ ಹಾಳೆಯಿಟ್ಟು ಬರೆಯತೊಡಗಿದಳು. ಎಲ್ಲರೂ ಕಾದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದಳು.

"ತಪ್ಪು ನನ್ನದು. ಹಾಲಿನ ನಡುವೆ ಇರುವುದು ಬೀಮು, ನಾನು ಅದನ್ನು ಗೋಡೆ ಎಂದು ಎಳೆದೆ. ಕಂಪನಿಯವರ ಬುಗುರಿ ತಿರುಗುತ್ತಿದ್ದರಿಂದ ನನಗೆ ಹಾಗೆ ಕಂಡಿತು. ನನ್ನ ಕಣ್ಣು ಸರಿಯಾಗಿದೆ. ನಾನು ಕೆಲಸ ಬಿಡುವುದಿಲ್ಲ."

"ಅದೆಲ್ಲ ಯಾಕಮ್ಮ ಈಗ? ಗೋಡೆ ಸರಿಯಾಗಿದೆ ಅಂದ್ನಲ್ಲ," ಎಂದರು ದೊಡ್ಡವರು.

"ಗೋಡೆ 'ಇರಲಿ' ಅಂತ ನೀವು ಅನ್ನಬಹುದು ಸರ್, ಕಟ್ಟಡ ನಿಮ್ಮದು. 'ಸರಿ' ಅಂತ ಮಾತ್ರ ಅನ್ನಬೇಡಿ, ಸಹಿ ನನ್ನದು."

ದೊಡ್ಡವರು ಆ ಹಾಳೆಯನ್ನು ಮುಟ್ಟಲಿಲ್ಲ. ಡ್ರಾಯಿಂಗ್ ಆಫೀಸಿನ ಮುಖ್ಯಸ್ಥ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಮಡಚಿ ಜೇಬಿಗಿಟ್ಟುಕೊಂಡ. ಸೋಮವಾರದ ಡ್ರಾಯಿಂಗುಗಳನ್ನು ಕಳಿಸುತ್ತೇನೆ ಎಂದು ಅಕ್ಕನಿಗೆ ಹೇಳಿದ. ಬೆನ್ನೆಲುಬು ಸ್ವಲ್ಪ ಮಟ್ಟಿಗೆ ಮನೆಯಿಂದ ಬಂದಿತ್ತು.

ಆಮೇಲೆ ದೊಡ್ಡವರು ಹೊರಡಿಸಿದ ಆಜ್ಞೆ ಒಂದೇ: ಇನ್ನು ಮುಂದೆ ಪರೀಕ್ಷೆಯ ಹೊತ್ತಿನಲ್ಲಿ ಬುಗುರಿಯನ್ನು ಬಚ್ಚಿಡುವ ದ್ರೋಹ ಯಾರೂ ಮಾಡಕೂಡದು. ಅವರು ಅದನ್ನು ಹೊರಡಿಸಿದ್ದು ಸಿಟ್ಟಿನಿಂದ, ಆದರೆ ಕಂಪನಿಯ ಇತಿಹಾಸದಲ್ಲೇ ಅಷ್ಟು ಬುದ್ಧಿವಂತಿಕೆಯ ಆಜ್ಞೆ ಇನ್ನೊಂದಿರಲಿಲ್ಲ. ಮರುದಿನ ಬುಗುರಿ ತಿರುಗುತ್ತಿರುವಾಗ ಪರೀಕ್ಷೆ ಮಾಡಿದರು. ನಾನೂರಕ್ಕೆ ನಾನೂರೂ ಫೇಲು.

ಈಗ ಸರಿಮಾಡದೆ ವಿಧಿಯಿರಲಿಲ್ಲ. ಚುಕ್ಕಿ ಮೂರು ವಾರ ಕೂತು ಎರಡು ಕೆಲಸ ಮಾಡಿದಳು. ಇಡೀ ಪರದೆಗೆ ಒಂದೇ ತೀರ್ಪು ಎಂಬುದನ್ನು ಕಿತ್ತುಹಾಕಿ, ಪರದೆಯನ್ನು ಚೌಕ ಚೌಕವಾಗಿ ಹಂಚಿ ಒಂದೊಂದಕ್ಕೂ ಬೇರೆ ಬೇರೆ ತೀರ್ಪು ಇಟ್ಟಳು. ಬುಗುರಿಯನ್ನು ಅಲ್ಲಿಂದ ಕಳಿಸುವುದನ್ನೇ ನಿಲ್ಲಿಸಿದಳು. ಅದು ಈಗ ಗಿರಾಕಿಯ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ತಿರುಗುತ್ತದೆ, ಎನ್‌ಕೋಡರಿಗೆ ಅದು ಇರುವುದೇ ತಿಳಿಯುವುದಿಲ್ಲ. ದೊಡ್ಡವರಿಗೆ ತಿರುಗಿದರಾಯಿತು, ಎಲ್ಲಿ ತಿರುಗುತ್ತದೆ ಎಂದು ಅವರು ಕೇಳಲಿಲ್ಲ. ಗಿರಾಕಿಗಳಿಗೆ ಹೋದ ಪ್ರಕಟಣೆಯನ್ನು ಹೂಂಗುಟ್ಟಪ್ಪ ಬರೆದ: "ನಮ್ಮ ಹೊಸ ಬುಗುರಿಯ ಶಕ್ತಿಯಿಂದ ಅಕ್ಷರಗಳು ಮೂರು ಪಟ್ಟು ಸ್ಪಷ್ಟ." ಗಾಜಿನ ಫಲಕ ಈ ಸಲ ಅವನಿಗೆ ಸಿಕ್ಕಿತು.

ಗೋಡೆ ಹಾಗೆಯೇ ಇದೆ. ಯಜಮಾನರು ಮೊದಲಿಂದಲೂ ಬಯಸಿದ್ದ ಬಾಗಿಲಿಲ್ಲದ ಕೋಣೆಗೆ ಏನಾದರೊಂದು ಉಪಯೋಗ ಬೇಕಲ್ಲ, ಹಳೆಯ ಕೀಬೋರ್ಡುಗಳ ಸ್ಟೋರನ್ನು ಅಲ್ಲಿಗೆ ಸಾಗಿಸಿದರು. ಅಂದು ಬುಗುರಿ ತಿರುಗಲೇಬೇಕಾ ಎಂದು ಕೇಳಿದ್ದ ಎಂಜಿನಿಯರ್ ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಏಣಿ ಹತ್ತಿ ಕಿಟಕಿಯಿಂದ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಹಾಗೆಯೇ ಇಳಿಯುತ್ತಾನೆ.

ಹೊಸದು ಬಂದ ದಿನ ಚುಕ್ಕಿ ಅಕ್ಕನ ಪಕ್ಕದಲ್ಲೇ ಕೂತು ನೋಡಿದಳು. ಅಕ್ಷರಗಳು ಅಚ್ಚುಹಾಕಿದ ಹಾಗೆ ನಿಂತಿದ್ದವು. ಅಕ್ಕ ದಪ್ಪ ಗಾಜಿನ ಕನ್ನಡಕ ತೆಗೆದಳು, ಖಾನೆಯಿಂದ ಹಳೆಯದನ್ನು ಹುಡುಕಿ ಹಾಕಿಕೊಂಡಳು, ಪ್ಲಾನಿನ ಮೇಲೆ ಒಮ್ಮೆ ಕಣ್ಣಾಡಿಸಿದಳು. ಮೆಚ್ಚುಗೆಯ ಮಾತಿಗಾಗಿ ಚುಕ್ಕಿ ಕಾಯುತ್ತಿದ್ದಳು. ಅಕ್ಕ ಆ ಸೋಡಾಬುಡ್ಡಿಯನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟಳು.

"ತಗೋ, ನಿನ್ನ ಆಫೀಸ್ ಮೇಜಿನ ಮೇಲೆ ಇಟ್ಕೋ," ಎಂದಳು. "ಇನ್ನೊಂದು ಸಲ ಯಾರಾದ್ರೂ ಮಸುಕು ಅಂತ ಬರೆದ್ರೆ, ಮೊದಲು ನೀನು ಇದನ್ನ ಹಾಕ್ಕೊಂಡು ಒಂದು ದಿನ ಕೆಲಸ ಮಾಡು. ಆಮೇಲೆ ಅವರಿಗೆ ಕಣ್ಣು ಮಿಟುಕಿಸೋಕೆ ಹೇಳು."

ಚುಕ್ಕಿ ಅಲ್ಲೇ ಅದನ್ನು ಹಾಕಿಕೊಂಡಳು. ಪರದೆ, ಮೇಜು, ಕೋಲು, ಅಕ್ಕನ ಮುಖ ಎಲ್ಲವೂ ಒಂದರೊಳಗೊಂದು ಕಲಸಿಹೋದವು. ಅಕ್ಕ ನಗುತ್ತಿದ್ದಾಳೋ ಇಲ್ಲವೋ ಎಂದು ಅವಳಿಗೆ ಗೊತ್ತಾಗಲಿಲ್ಲ.